ನೋವಿಲ್ಲ ಎಂದ ಹಲ್ಲು

ಕಡೂರು

ನಾನು ಸ್ಕಾಟ್ಲೆಂಡಿಗೆ ಹೋದದ್ದು ಕೂಸು ಎತ್ತಿಕೊಳ್ಳುವುದಕ್ಕೆ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಯಾಕೆಂದರೆ ನಾನು ವಾಪಸು ಬರುವಷ್ಟರಲ್ಲಿ ನಮ್ಮ ಬೀದಿಯಲ್ಲಿ ಬೇರೆಯೇ ಸುದ್ದಿ ಹಬ್ಬಿತ್ತು. ಹಲ್ಲಿನ ಮೇಲೆ ಭಾಷಣ ಮಾಡಲು ನನ್ನನ್ನು ಕರೆಸಿದ್ದರಂತೆ. ಹಬ್ಬಿಸಿದವರು ಯಾರು ಎಂದು ಕೇಳಬೇಡಿ, ಹೊರಡುವ ಮುಂಚೆ ನಾನೇ ಸ್ವಲ್ಪ ಹಬ್ಬಿಸಿರಬಹುದು.

ಕೂಸು ನನ್ನ ಮಗಳ ಮಗಳು ಚೈತ್ರಾಳದು. ಚೈತ್ರಾ ಹಲ್ಲಿನ ಡಾಕ್ಟರು. ಆದರೆ ಅವಳು ಹಲ್ಲು ನೋಡುವುದಕ್ಕಿಂತ ಹಲ್ಲಿನ ಡಾಕ್ಟರುಗಳನ್ನು ನೋಡುವುದೇ ಹೆಚ್ಚು. ಅವಳ ಪಿಎಚ್‌ಡಿ ಇರುವುದೇ ಅದರ ಮೇಲೆ. ಒಂದೇ ಹಲ್ಲು, ಒಂದೇ ಹುಳುಕು ಅಂತ ಇಟ್ಟುಕೊಳ್ಳಿ. ಒಬ್ಬ ಡಾಕ್ಟರು ಅದನ್ನು ಪೂರ್ತಿ ಕೊರೆದು ಸಿಮೆಂಟು ತುಂಬುತ್ತಾರೆ. ಇನ್ನೊಬ್ಬರು ಮೇಲಷ್ಟೇ ಕೆರೆದು ಮುಚ್ಚುತ್ತಾರೆ. ಮತ್ತೊಬ್ಬರು ಇಕ್ಕಳ ಹಾಕಿ ಕಿತ್ತೇಬಿಡುತ್ತಾರೆ. ಮಗದೊಬ್ಬರು ಈಗೇನೂ ಬೇಡ, ಸ್ವಲ್ಪ ದಿನ ಬಿಟ್ಟು ಬನ್ನಿ ಅನ್ನುತ್ತಾರೆ. ಯಾಕೆ ಹೀಗೆ? ಕಾಲೇಜಿನಲ್ಲಿ ಕಲಿತದ್ದು ಬೇರೆಯೇ, ಮೆಷಿನ್ ಇಲ್ಲವೇ, ಪುರುಸೊತ್ತಿಲ್ಲವೇ, ಪೇಷೆಂಟಿನ ಒತ್ತಾಯವೇ? ಇದನ್ನು ಅಳೆಯುವುದಕ್ಕೆ ಪರದೇಶದವರು ಒಂದು ಪ್ರಶ್ನೆಪಟ್ಟಿ ಮಾಡಿದ್ದಾರೆ. ಚೈತ್ರಾ ಅದನ್ನು ನಮ್ಮ ಕಡೆಗೆ ಒಗ್ಗುವಂತೆ ತಿದ್ದಿ, ಕಡೂರು, ತರೀಕೆರೆ, ಅಜ್ಜಂಪುರ ಮೂರೂ ತಾಲ್ಲೂಕಿನ ಹಲ್ಲಿನ ಡಾಕ್ಟರುಗಳಿಂದ ತುಂಬಿಸಿಕೊಂಡು ಬಂದಿದ್ದಳು.

"ಜ್ವರ ಅಳೆಯಕ್ಕೆ ಥರ್ಮಾಮೀಟರ್ ಐತೆ. ಡಾಕ್ಟ್ರು ಮನಸ್ಸು ಅಳೆಯಕ್ಕೆ ಏನಿಟ್ಕೊಂಡಿದೀಯೇ?" ಎಂದು ನಾನು ಕೇಳಿದ್ದೆ.

"ಇದೇ ಕಣಜ್ಜಿ ಥರ್ಮಾಮೀಟರ್" ಎಂದು ಕಾಗದ ತೋರಿಸಿದಳು.

ಕೂಸು ಎದೆಹಾಲು ಕುಡಿಯುತ್ತಿತ್ತು. ಚೈತ್ರಾ ಹೋದಲ್ಲೆಲ್ಲ ಕೂಸು, ಕೂಸು ಹೋದಲ್ಲೆಲ್ಲ ನಾನು. ಹೀಗೆ ಮೂವರೂ ಬಸ್ಸು ಹತ್ತಿ ಒಂದೊಂದೇ ಕ್ಲಿನಿಕ್ಕಿಗೆ ಹೋಗಿ ಕೂತೆವು. ಒಬ್ಬರೂ ಆಗಲ್ಲ ಅನ್ನಲಿಲ್ಲ. ತರೀಕೆರೆಯ ರುದ್ರಪ್ಪ ಡಾಕ್ಟರನ್ನೇ ನೋಡಿ, ಚೈತ್ರಾಳ ಅಪ್ಪನ ಜೊತೆ ಹೈಸ್ಕೂಲಿನಲ್ಲಿ ಓದಿದವರು. ಕುರ್ಚಿಯ ಮೇಲಿದ್ದ ಪೇಷೆಂಟನ್ನು ಬಾಯಿ ತೆರೆಸಿಯೇ ಬಿಟ್ಟು ಎದ್ದು ಬಂದರು.

"ಬಾರಮ್ಮ, ಬಾ. ಅಜ್ಜಿನೂ ಬಂದವ್ರೆ. ಸಿಸ್ಟರ್, ಎದುರ್ಗಡೆ ಹೋಟ್ಲಿಗೆ ಕಾಫಿ ಹೇಳಮ್ಮ."

"ಸರ್, ಇದನ್ನ ಓದ್ಕೊಂಡು ನಿಮಗನ್ಸಿದ್ದು ಟಿಕ್ ಮಾಡ್ಬೇಕು. ಅವಸರ ಇಲ್ಲ."

"ಮಾಡಿದ್ರಾಯ್ತು ಬಿಡು. ನಮ್ಮನೆ ಹುಡ್ಗಿ ಇಷ್ಟು ಓದ್ತಾಳೆ ಅಂದ್ರೆ ನಮಗೇ ಅಲ್ವಾ ಹೆಮ್ಮೆ."

ಕಾಫಿ ಆರುವುದರೊಳಗೆ ಟಿಕ್ ಹಾಕಿ ಮುಗಿಸಿ, ಕೂಸಿನ ಕೆನ್ನೆ ಸವರಿ, ನನ್ನ ಕೈಗೆ ಒಂದು ಟೂತ್‌ಪೇಸ್ಟು ಕೊಟ್ಟು ಕಳಿಸಿದರು. ಅಜ್ಜಂಪುರದ ಲೇಡಿ ಡಾಕ್ಟರಂತೂ ಊಟ ಮಾಡಿಸದೆ ಬಿಡಲಿಲ್ಲ. ಬಸ್ಸಿನಲ್ಲಿ ಚೈತ್ರಾ ಕಾಗದಗಳನ್ನು ಎದೆಗೆ ಒತ್ತಿಕೊಂಡು, "ಸಿಟಿನಲ್ಲಿ ಬಾಗಿಲೇ ತೆಗೆಯಲ್ವಂತೆ ಅಜ್ಜಿ. ನಮ್ಮ ಜನ ಎಷ್ಟು ಒಳ್ಳೇವ್ರು ನೋಡು" ಎಂದಳು. ನಾನೂ ಹೌದೆಂದೆ.

ಆಮೇಲೆ ಸ್ಕಾಟ್ಲೆಂಡಿನಿಂದ ಕರೆ ಬಂತು. ಹಲವು ದೇಶದವರು ತಮ್ಮ ತಮ್ಮ ಕಡೆಯ ಉತ್ತರಗಳನ್ನು ಅಲ್ಲಿಗೆ ತರಬೇಕು, ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡುತ್ತಾರೆ, ಸರಿ ಕಂಡವನ್ನು ದೊಡ್ಡ ಅಧ್ಯಯನಕ್ಕೆ ಸೇರಿಸುತ್ತಾರೆ. ಸೇರಿದರೆ ಚೈತ್ರಾಳ ಓದು ದಡ ಮುಟ್ಟಿದಂತೆ. ಸೇರದಿದ್ದರೆ ಇಷ್ಟು ದಿನ ಬಸ್ಸು ಹತ್ತಿ ಇಳಿದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಕೂಸಿನ ಜೊತೆ ಯಾರು ಹೋಗಬೇಕು ಎಂದು ಮನೆಯಲ್ಲಿ ಮಾತಾಯಿತು. ನನ್ನ ಮಗಳು ಶಾಲೆಯಲ್ಲಿ ಟೀಚರು, ರಜೆ ಇಲ್ಲ. ಚೈತ್ರಾಳ ಗಂಡ ಹರೀಶನಿಗೂ ಇಲ್ಲ. ಸಖರಾಯಪಟ್ಟಣದಲ್ಲಿರುವ ಅವಳ ಅತ್ತೆಗೆ ವಿಮಾನದ ಚಿತ್ರ ಕಂಡರೂ ತಲೆಸುತ್ತು. ಉಳಿದವಳು ನಾನು. ನಾನು ಬೇಡ ಬೇಡ ಎಂದು ಹೇಳುತ್ತಲೇ ಪೆಟ್ಟಿಗೆ ಇಳಿಸಿದೆ.

ಈ ಬರಹವನ್ನು ನಾನೇ ಫೋನಿನಲ್ಲಿ ಒಂದು ಬೆರಳಿನಿಂದ ಒತ್ತಿದ್ದೇನೆ. ಈಚೆಗೆ ಕಲಿತದ್ದು. ನಾನು ಅರ್ಧ ಬರೆಯುವಾಗಲೇ ಮುಂದಿನ ಮಾತನ್ನು ಅದೇ ತಂದು ಮುಂದಿಡುತ್ತದೆ, ಥೇಟ್ ನನ್ನ ಓರಗಿತ್ತಿಯ ಹಾಗೆ. ತಪ್ಪಿದ್ದರೆ ಅದರದು.

ವಿಮಾನ

ವಿಮಾನ ನಿಲ್ದಾಣದಲ್ಲಿ ನನ್ನ ಕೊಡುಬಳೆ ಡಬ್ಬಿ ಪರದೆಯ ಮೇಲೆ ಮೂಡಿತು. ಒಳಗೆಲ್ಲ ಉಂಗುರ ಉಂಗುರ. ಕಾವಲಿನ ಹುಡುಗಿ ತೆರೆಯಿರಿ ಎಂದಳು. ತೆರೆದೆ. ಮೂಸಿದಳು. "ಇಂಗು ಹಾಕಿದೀರಾ ಆಂಟಿ?" ಎಂದಳು. ಒಂದು ತಗೋಮ್ಮ ಎಂದರೆ, ಡ್ಯೂಟಿಯಲ್ಲಿದ್ದೇನೆ ಎಂದು ಡಬ್ಬಿಯನ್ನು ಬಲು ದುಃಖದಿಂದ ಮುಚ್ಚಿದಳು.

ವಿಮಾನದ ಒಳಗೆ ಮಾಘ ಮಾಸದ ಚಳಿ. ಗಗನಸಖಿ ಬಂದು ತುಂಬಾ ಚೆನ್ನಾಗಿ ನಕ್ಕು, ಚಳಿಯೇ ಎಂದು ಕೇಳಿದಳು. ನಾನೂ ನಕ್ಕು ಇಲ್ಲ ಎಂದೆ. ಅಷ್ಟು ನಗುನಗುತ್ತಾ ಕೇಳುವವಳಿಗೆ ಹೌದು ಎಂದು ತೊಂದರೆ ಕೊಡುವುದೇ? ಊಟ ತಂದಳು. ಅದೊಂದು ಬಿಳಿ ಹಿಟ್ಟಿನ ಕೊಳವೆಗಳ ಪಾಯಸದಂಥದ್ದು, ಉಪ್ಪಿನದು. ಚೆನ್ನಾಗಿದೆಯೇ ಎಂದಳು. ಬಹಳ ಚೆನ್ನಾಗಿದೆ ಎಂದೆ. ಅದಕ್ಕೇ ಇನ್ನೊಂದು ತಂದುಕೊಟ್ಟಳು. ಅದನ್ನೂ ತಿಂದೆ.

ಪಕ್ಕದ ಸೀಟಿನಲ್ಲಿ ಕೆಂಪು ಗಡ್ಡದ ಒಬ್ಬ ಭಾರೀ ಆಳು. ಕೂಸು ಎಲ್ಲವನ್ನೂ ಬಿಟ್ಟು ಅವನ ಗಡ್ಡ ಹಿಡಿದುಕೊಂಡಿತು. ಎರಡು ಕೈಯಲ್ಲೂ. ಬಿಡಿಸಲು ಹೋದರೆ ಇನ್ನೂ ಬಿಗಿ. ಆತ ಕತ್ತು ಬಗ್ಗಿಸಿಕೊಂಡೇ ಅದಕ್ಕೆ ಏನೋ ಹಾಡು ಹೇಳಿದ. ಕೂಸು ಗಡ್ಡ ಹಿಡಿದೇ ನಿದ್ದೆ ಹೋಯಿತು. ಆತನೂ ಹಾಗೇ ಬಗ್ಗಿಕೊಂಡು ನಿದ್ದೆ ಹೋದ. ಇಳಿಯುವಾಗ ಕತ್ತು ಒಂದು ಕಡೆಗೆ ವಾಲಿತ್ತು. ನೋವಾಯಿತೇ ಎಂದು ಚೈತ್ರಾ ಕೇಳಿದಳು. ಎಂಥದ್ದೂ ಇಲ್ಲ ಎಂದು ವಾಲಿದ ಕತ್ತಿನಲ್ಲೇ ಹೊರಟುಹೋದ.

ಸಮುದ್ರದಂಡೆಯ ಊರು

ಅದೊಂದು ಸಮುದ್ರದಂಡೆಯ ಊರು. ಮನೆಗಳೆಲ್ಲ ಬೂದು ಕಲ್ಲಿನವು, ಪ್ರತಿ ಮನೆಯ ತಲೆಯ ಮೇಲೂ ಹೊಗೆಗೂಡು. ಈಗ ಯಾರೂ ಸೌದೆ ಉರಿಸುವುದಿಲ್ಲವಂತೆ, ಆದರೂ ಇಟ್ಟುಕೊಂಡಿದ್ದಾರೆ. ನಮ್ಮ ಮನೆಯಲ್ಲಿ ಒರಳುಕಲ್ಲು ಇರುವ ಹಾಗೆ.

ನಮಗೆ ಕೊಟ್ಟ ರೂಮಿನ ಬಚ್ಚಲಲ್ಲಿ ಎರಡು ನಲ್ಲಿ. ಒಂದರಲ್ಲಿ ಕುದಿಯುವ ನೀರು, ಇನ್ನೊಂದರಲ್ಲಿ ಮಂಜುಗಡ್ಡೆಯ ನೀರು. ನಡುವೆ ಏನೂ ಇಲ್ಲ. ಮುಖ ತೊಳೆಯಲು ಕೈಯನ್ನು ಅದಕ್ಕೂ ಇದಕ್ಕೂ ಓಡಿಸಬೇಕು. ಒಂದು ಬಕೆಟ್ಟು, ಒಂದು ಚೊಂಬು ಇದ್ದರೆ ಮುಗಿಯುವ ಕೆಲಸ. ಇಷ್ಟು ಓದಿದ ಜನಕ್ಕೆ ಚೊಂಬು ಯಾಕೆ ಹೊಳೆಯಲಿಲ್ಲವೋ.

ಅಲ್ಲಿಯ ಕಾಗೆ ಎಂದರೆ ಕಡಲಹಕ್ಕಿ. ಬಿಳಿ ಬಣ್ಣ, ಬುದ್ಧಿ ಮಾತ್ರ ಕಾಗೆಯದೇ. ಬೆಂಚಿನ ಮೇಲೆ ಕೂತು ಒಂದು ಕೊಡುಬಳೆ ತೆಗೆದೆ ನೋಡಿ, ಬಾಯಿಗೂ ಕೈಗೂ ನಡುವೆ ಬಂದು ಕಿತ್ತುಕೊಂಡು ಹೋಯಿತು. ಆಮೇಲೆ ಅದನ್ನು ತಿನ್ನಲಾರದೆ ಚರಂಡಿಯ ಮೇಲೆ ಕುಟ್ಟುತ್ತಾ ಕೂತಿತ್ತು. ಒಳ್ಳೆಯದಾಯಿತು ಅಂದುಕೊಂಡೆ.

ಬಸ್ಸಿನಿಂದ ಇಳಿಯುವ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಯೂ ಹೇಳುತ್ತಾರೆ. ನಾನೂ ಹೇಳಿದೆ, ಖುಷಿಯಾಯಿತು. ಊರಿಗೆ ಬಂದ ಮೇಲೆ ಸಿಂಗಟಗೆರೆ ಬಸ್ಸಿನ ಡ್ರೈವರಿಗೂ ಹೇಳಿದೆ. ಆತ ಗಾಬರಿಯಿಂದ, "ಯಾಕಮ್ಮ, ಏನಾದ್ರೂ ಬಿಟ್ಟೋದ್ರಾ?" ಎಂದ.

ಇನ್ನೊಂದು ಅಭ್ಯಾಸ. ಜಿಟಿಜಿಟಿ ಮಳೆ, ಗಾಳಿಗೆ ಸೆರಗು ನಿಲ್ಲುವುದಿಲ್ಲ. ಎದುರು ಬಂದವರು ಟೋಪಿಯಿಂದ ನೀರು ಇಳಿಸಿಕೊಳ್ಳುತ್ತಾ, "ಎಷ್ಟು ಚೆಂದದ ದಿನ" ಅನ್ನುತ್ತಾರೆ. ಮೊದಲ ದಿನ ಅಣಕವೇನೋ ಅಂದುಕೊಂಡೆ. ಇಲ್ಲ, ಮನಸಾರೆ ಹೇಳುವುದು. ಎರಡನೇ ದಿನದಿಂದ ನಾನೂ ಹಲ್ಲು ಕಟಕಟ ಅನ್ನುತ್ತಿದ್ದರೂ ಹೌದು, ಚೆಂದದ ದಿನ ಅನ್ನತೊಡಗಿದೆ.

ಕಾಲೇಜು

ಸಭೆ ನಡೆದದ್ದು ಹಲ್ಲಿನ ಕಾಲೇಜಿನಲ್ಲಿ. ನಡೆಸಿದವರು ಪ್ರೊಫೆಸರ್ ಮೊರಾಗ್. ಬೆಳ್ಳಗಿನ ಗಿಡ್ಡ ಕೂದಲು, ದೊಡ್ಡ ಹೆಜ್ಜೆ, ಅರವತ್ತರ ಆಸುಪಾಸಿನ ಹೆಂಗಸು. ನಾನು ಮೊರಾಗಮ್ಮ ಎಂದೆ. ಅವರಿಗೆ ಅದು ಎಷ್ಟು ಹಿಡಿಸಿತೆಂದರೆ ಆಮೇಲೆ ತಮ್ಮನ್ನು ತಾವೇ ಹಾಗೆ ಕರೆದುಕೊಂಡರು. ಕೂಸಿನ ಜೊತೆ ನನ್ನನ್ನು ಹಿಂದಿನ ಸಾಲಿನಲ್ಲಿ, ಬಾಗಿಲ ಹತ್ತಿರ ಕೂರಿಸಿದರು. ಅತ್ತರೆ ಎತ್ತಿಕೊಂಡು ಓಡಲು ಅನುಕೂಲ.

ಗೋಡೆಯ ಮೇಲೆ ಒಂದೊಂದು ದೇಶದ ಉತ್ತರವನ್ನೂ ಚುಕ್ಕೆಗಳಾಗಿ ತೋರಿಸಿದರು. ಒಬ್ಬ ಡಾಕ್ಟರಿಗೆ ಒಂದು ಚುಕ್ಕೆ. ಬೇರೆಯವರ ಚುಕ್ಕೆಗಳು ಒಗ್ಗರಣೆಯಲ್ಲಿ ಸಿಡಿದ ಸಾಸಿವೆಯ ಹಾಗೆ ಮೇಲೆ ಕೆಳಗೆ ಎಲ್ಲೆಂದರಲ್ಲಿ ಬಿದ್ದಿದ್ದವು. ಕೊನೆಗೆ ನಮ್ಮದು ಬಂತು. ಕಡೂರು, ತರೀಕೆರೆ, ಅಜ್ಜಂಪುರ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು, ನಾನೇ ಕೂಡಿಸಿಕೊಂಡು ಓದಿದೆ. ನಮ್ಮ ಚುಕ್ಕೆಗಳೆಲ್ಲ ಬಲಗಡೆ ಮೇಲಿನ ಮೂಲೆಯಲ್ಲಿ, ಬೆಲ್ಲದ ಅಚ್ಚಿಗೆ ಇರುವೆ ಮುತ್ತಿದ ಹಾಗೆ ಒಂದೇ ಕಡೆ ಗುಂಪಾಗಿದ್ದವು. ನಮ್ಮವರಲ್ಲಿ ಎಂಥ ಒಗ್ಗಟ್ಟು ಎಂದು ನನಗೆ ಎದೆ ಉಬ್ಬಿತು. ಕೂಸಿನ ಕೈ ಹಿಡಿದು ಚಪ್ಪಾಳೆ ತಟ್ಟಿಸಿದೆ.

ಬೇರೆ ಯಾರೂ ತಟ್ಟಲಿಲ್ಲ. ಕನ್ನಡಕದ ಒಬ್ಬ ಯುವಕ ಎದ್ದು ಮೆಲ್ಲಗೆ ಏನೋ ಕೇಳಿದ. ಚೈತ್ರಾಳ ಕತ್ತಿನ ಹಿಂಭಾಗ ಕೆಂಪಾಗುವುದು ನನಗೆ ಕಂಡಿತು. ಮೊರಾಗಮ್ಮ, ಇದನ್ನು ಕೊನೆಯ ದಿನ ನೋಡೋಣ ಎಂದು ಮುಂದಕ್ಕೆ ಹೋದರು.

ರೂಮಿಗೆ ಬಂದ ಮೇಲೆ ಅನ್ನ ಸಾರು ಕಲಸಿಕೊಟ್ಟೆ. ಮುಟ್ಟಲಿಲ್ಲ.

"ಏನಂದ್ನೇ ಆ ಕನ್ನಡಕ?"

"ಎಲ್ಲಾ ಉತ್ತರನೂ ಒಬ್ರೇ ಬರ್ದಂಗಿದೆಯಲ್ಲ ಅಂದ್ರು."

"ಅಂದ್ರೆ?"

"ಅಂದ್ರೆ ನಾನೇ ಮನೇಲಿ ಕೂತ್ಕೊಂಡು ತುಂಬಿದೀನಿ ಅಂತ ಅಜ್ಜಿ. ಬಾಯ್ಬಿಟ್ಟು ಹೇಳ್ಲಿಲ್ಲ ಅಷ್ಟೇ."

ನನಗೆ ಮೈಯೆಲ್ಲ ಉರಿಯಿತು. "ನಡಿ, ನಾನು ಸಾಕ್ಷಿ ಹೇಳ್ತೀನಿ. ಒಬ್ಬೊಬ್ರು ಡಾಕ್ಟ್ರು ಟಿಕ್ ಹಾಕುವಾಗ್ಲೂ ಎದುರ್ಗಡೆನೇ ಕೂತಿರ್ಲಿಲ್ವಾ ನಾನು?"

"ಅಜ್ಜಿ ಸಾಕ್ಷಿ ತಂದಿದಾಳೆ ಅಂದ್ರೆ ಇನ್ನೂ ನಂಬಲ್ಲ ಸುಮ್ನಿರು" ಎಂದಳು. ನಗಲಿಲ್ಲ. "ನಂಬಿದ್ರೂ ಕೆಲ್ಸಕ್ಕೆ ಬರಲ್ಲ. ನೂರು ಜನಕ್ಕೆ ಥರ್ಮಾಮೀಟರ್ ಇಟ್ಟಾಗ ನೂರು ಜನಕ್ಕೂ ಒಂದೇ ತೋರ್ಸಿದ್ರೆ ಏನಂತೀಯ? ಜನ ಸರಿ ಇದಾರೆ ಅಂತೀಯಾ, ಥರ್ಮಾಮೀಟರ್ ಕೆಟ್ಟೋಗಿದೆ ಅಂತೀಯಾ?"

ಕೂಸನ್ನು ಎದೆಗೆ ಹಾಕಿಕೊಂಡು ಗೋಡೆಯ ಕಡೆ ತಿರುಗಿದಳು. ಆ ದೇಶದಲ್ಲಿ ರಾತ್ರಿ ಊಟದ ಹೊತ್ತು ಕಳೆದರೂ ಬಿಸಿಲು ಹೋಗುವುದಿಲ್ಲ. ಕಿಟಕಿಯ ತುಂಬ ಬೆಳಕು. ಇಷ್ಟು ಬೆಳಕಿನಲ್ಲಿ ಅಳುವುದೂ ಕಷ್ಟ, ಪಾಪ.

ಮೊರಾಗಮ್ಮನ ಮನೆ

ಮಾರನೆಯ ದಿನ ಮೊರಾಗಮ್ಮ ನಮ್ಮನ್ನು ಮನೆಗೆ ಟೀಗೆ ಕರೆದರು. ಚೈತ್ರಾಳಿಗೆ ಮನಸ್ಸಿರಲಿಲ್ಲ. ಕರೆದ ಮನೆಗೆ ಹೋಗದೆ ಇರುವುದು ಹೇಗೆ ಎಂದು ನಾನೇ ಎಬ್ಬಿಸಿದೆ.

ಅವರ ಮನೆಯಲ್ಲಿ ಒಂದು ಮುದಿ ನಾಯಿ. ಸೋಫಾದ ಮೇಲೆ ಅದಕ್ಕೆ ಖಾಯಂ ಜಾಗ, ಬಂದವರು ಉಳಿದ ಕಡೆ ಕೂರಬೇಕು. ಹರೀಶನ ಫೋನು ಬಂತೆಂದು ಚೈತ್ರಾ ಹಿತ್ತಲಿಗೆ ಹೋದಳು. ಮೊರಾಗಮ್ಮ ತಾವೇ ಬೇಯಿಸಿದ ಓಟ್ಸಿನ ಬಿಸ್ಕತ್ತನ್ನು ತಟ್ಟೆಯಲ್ಲಿ ತಂದು ನನ್ನ ಮುಂದಿಟ್ಟು, ಅದು ಅವರ ತಾಯಿ ಮಾಡುತ್ತಿದ್ದ ಬಿಸ್ಕತ್ತು ಎಂದು ಕೈಸನ್ನೆಯಲ್ಲಿ ತಿಳಿಸಿದರು. ಕಣ್ಣಲ್ಲಿ ಅಷ್ಟು ಆಸೆ. ಕಚ್ಚಿದೆ.

ಕಟಕ್ ಎಂದಿತು. ಬಿಸ್ಕತ್ತು ಎಂದುಕೊಂಡೆ. ನಾಲಿಗೆ ಹೊರಳಿಸಿ ನೋಡಿದರೆ ಬಲಗಡೆಯ ದವಡೆ ಹಲ್ಲಿನ ಒಂದು ಮೂಲೆಯೇ ಇಲ್ಲ. ಅದರಲ್ಲಿ ಮೊದಲೇ ಹುಳುಕಿತ್ತೇನೋ, ಒಳಗೆ ಟೊಳ್ಳು. ಟೀ ತಾಗಿದ್ದೇ ತಡ, ಕಿವಿಯವರೆಗೂ ಮಿಂಚು ಹೊಡೆಯಿತು.

"ಗುಡ್?" ಎಂದರು ಮೊರಾಗಮ್ಮ.

"ವೆರಿ ಗುಡ್" ಎಂದೆ. ಇನ್ನೊಂದು ಕೊಟ್ಟರು. ಅದನ್ನು ಅವರು ಆಚೆ ತಿರುಗಿದಾಗ ನಾಯಿಗೆ ಕೊಟ್ಟೆ. ನಾಯಿಯೂ ಒಂದು ಸಲ ಕಚ್ಚಿ ನನ್ನ ಮುಖ ನೋಡಿತು.

ದಾರಿಯಲ್ಲಿ ನನ್ನ ಕೆನ್ನೆ ಊದಿಕೊಂಡಂತೆ ಕಂಡು ಚೈತ್ರಾ ಬಾಯಿ ತೆರೆಸಿ ನೋಡಿದಳು. ಹಲ್ಲಿನ ಡಾಕ್ಟರಿಂದ ಹಲ್ಲು ಬಚ್ಚಿಡುವುದು ಸುಲಭವಲ್ಲ. "ಏನು ಕಡಿದೆ?" ಎಂದಳು. "ಕೊಡುಬಳೆ" ಎಂದೆ. ಕರೆದು ಟೀ ಕೊಟ್ಟವರ ಬಿಸ್ಕತ್ತಿನ ಮೇಲೆ ದೂರು ಹೇಳುವುದುಂಟೇ.

ಹಲ್ಲಿನ ಕುರ್ಚಿ

ಬೆಳಿಗ್ಗೆ ಮೊರಾಗಮ್ಮನೇ ನನ್ನನ್ನು ಕಾಲೇಜಿನ ಕುರ್ಚಿಯ ಮೇಲೆ ಮಲಗಿಸಿಕೊಂಡರು. ಕನ್ನಡಕದ ಮೇಲೆ ಪುಟ್ಟ ದೀಪ. ಚೈತ್ರಾ ಕೂಸನ್ನು ಸೊಂಟಕ್ಕೆ ಹಾಕಿಕೊಂಡು ನನ್ನ ಕಾಲ ಬಳಿ ನಿಂತು, ಅವರ ಮಾತನ್ನು ನನಗೂ ನನ್ನ ಮಾತನ್ನು ಅವರಿಗೂ ದಾಟಿಸುತ್ತಿದ್ದಳು.

"ಹಲ್ಲಿನ ನರ ಜೀವಂತ ಐತಾ ಅಂತ ನೋಡ್ಬೇಕಂತೆ ಅಜ್ಜಿ. ತಣ್ಣಗಿರೋ ಹತ್ತಿ ಮುಟ್ಟಿಸ್ತಾರೆ. ತಣ್ಣಗನ್ಸಿದ್ರೆ ಕೈ ಎತ್ತು."

ಮೊದಲು ಪಕ್ಕದ ಗಟ್ಟಿ ಹಲ್ಲಿಗೆ ಮುಟ್ಟಿಸಿದರು. ಜುಂ ಎಂದಿತು. ನಾನು ಕೈ ಎತ್ತಲಿಲ್ಲ. ಅದರ ಪಕ್ಕದ್ದಕ್ಕೂ ಮುಟ್ಟಿಸಿದರು. ಎತ್ತಲಿಲ್ಲ. ಆಮೇಲೆ ಮುರಿದದ್ದಕ್ಕೆ. ದವಡೆಯಿಂದ ನೆತ್ತಿಗೆ ಸೂಜಿ ಏರಿದ ಹಾಗಾಯಿತು.

ಮೊರಾಗಮ್ಮ ಮುಖದ ಹತ್ತಿರ ಬಗ್ಗಿ, ನೋವೇ ಎಂದು ಕಣ್ಣಲ್ಲೇ ಕೇಳಿದರು.

"ನೋ ನೋ. ವೆರಿ ಗುಡ್" ಎಂದೆ.

ಅವರು ಹುಬ್ಬು ಗಂಟಿಕ್ಕಿ ಚೈತ್ರಾಳಿಗೆ ಏನೋ ಹೇಳಿದರು. ಚೈತ್ರಾ ನನ್ನ ಕಡೆ ತಿರುಗಿದಳು. "ನರ ಸತ್ತೋಗಿರಂಗೈತಂತೆ. ಹಂಗಾದ್ರೆ ಬರೀ ತುಂಬಿದ್ರೆ ಆಗಲ್ಲ, ಬೇರೆ ದೊಡ್ಡ ಕೆಲ್ಸ ಆಯ್ತದೆ, ಇಲ್ಲ ಕೀಳ್ಬೇಕು. ಆದ್ರೆ ಪಕ್ಕದ ಗಟ್ಟಿ ಹಲ್ಲುಗಳೂ ಸತ್ತಿರಂಗೆ ಕಾಣ್ತವೆ ಅಂತಾರೆ. ಅದು ಹೆಂಗೆ ಅಂತ ಅವ್ರಿಗೇ ತಿಳೀತಿಲ್ಲ." ಅಷ್ಟು ಹೇಳಿದವಳು ಸುಮ್ಮನೆ ನನ್ನ ಪಾದ ನೋಡಿದಳು. "ಅಜ್ಜಿ, ಕಾಲ್ಬೆರಳು ಯಾಕೆ ಹಂಗೆ ಮುರುಟ್ಕೊಂಡಿದೀಯ?"

"ಚಳಿ ಕಣೇ."

"ಸುಳ್ಳು ಹೇಳ್ಬೇಡ. ನೋವಾಯ್ತಾ ಇಲ್ವಾ?"

ನಾನು ದನಿ ತಗ್ಗಿಸಿದೆ, ಮೊರಾಗಮ್ಮನಿಗೆ ಕನ್ನಡ ಬಂದುಬಿಡುತ್ತದೆ ಎನ್ನುವ ಹಾಗೆ. "ಆಯ್ತು ಕಣೇ. ಪ್ರಾಣ ಹೋದಂಗಾಯ್ತು. ಆದ್ರೆ ಆಯಮ್ಮ ಕೆಲ್ಸ ಬಿಟ್ಟು ನನ್ನ ಬಾಯಲ್ಲಿ ಬಗ್ಗವ್ರೆ. ನಿನ್ನೆ ಕರ್ದು ಟೀ ಕೊಟ್ಟವ್ರೆ. ನಿಮ್ಮ ಕೈ ನೋಯ್ಸ್ತು ಅಂತ ಹೆಂಗೆ ಹೇಳೋದು?"

ಚೈತ್ರಾಳಿಗೆ ನಗು ಬಂತು. "ಹಂಗಾದ್ರೆ ಆ ಕೊಡುಬಳೆ?"

"ಕೊಡುಬಳೆ ಅಲ್ಲ. ಆಯಮ್ಮನ ಬಿಸ್ಕತ್ತು. ಇನ್ನೊಂದನ್ನ ಅವ್ರ ನಾಯಿಗೆ ಹಾಕ್ದೆ."

ನಗುತ್ತಿದ್ದವಳು ತಟ್ಟನೆ ನಿಲ್ಲಿಸಿದಳು. ಪಕ್ಕದ ಚಕ್ರದ ಸ್ಟೂಲು ಎಳೆದುಕೊಂಡು ಕೂತಳು. ಕೂಸು ಅವಳ ಕೂದಲು ಎಳೆಯುತ್ತಿತ್ತು, ಅವಳಿಗೆ ಪರಿವೆ ಇಲ್ಲ.

"ಅಜ್ಜಿ, ರುದ್ರಪ್ಪ ಡಾಕ್ಟ್ರೂ ಇದನ್ನೇ ಮಾಡಿರೋದು" ಎಂದಳು. "ಎಲ್ರೂ ಇದನ್ನೇ ಮಾಡಿರೋದು. ನಾನು ಕಣ್ಮುಂದೆ ಕೂತಿದೀನಿ. ಅಪ್ಪನ ಗೆಳೆಯರು. ಪಕ್ಕದಲ್ಲಿ ಅಜ್ಜಿ, ಕೂಸು. ಕಾಫಿ. ಎಲ್ಲಾ ಹಲ್ಲೂ ಕೀಳ್ತೀನಿ ಕಣಮ್ಮ ಅಂತ ಯಾರಾದ್ರೂ ಟಿಕ್ ಹಾಕ್ತಾರಾ? ಪುಸ್ತಕದಲ್ಲಿ ಏನೈತೋ ಅದಕ್ಕೇ ಹಾಕಿ ಕಳ್ಸವ್ರೆ. ನನಗೆ ಒಳ್ಳೇದಾಗ್ಲಿ ಅಂತ."

ಆಮೇಲೆ ಮೊರಾಗಮ್ಮನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಶುರುಮಾಡಿದಳು.

ನಾನು ಬಾಯಿ ತೆರೆದುಕೊಂಡೇ ಮಲಗಿದ್ದೆ. ನನಗೆ ತಿಳಿದದ್ದು ಬಿಸ್ಕತ್ತು ಎಂಬ ಒಂದು ಮಾತು. ಅದು ಬಂದಾಗ ಕಣ್ಣು ಮುಚ್ಚಿಕೊಂಡೆ. ಮೊರಾಗಮ್ಮ ಮೊದಲು ನನ್ನನ್ನು ನೋಡಿದರು, ಆಮೇಲೆ ತಮ್ಮ ದೀಪದ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ತಮ್ಮ ಗಂಡನೂ ಆ ಬಿಸ್ಕತ್ತನ್ನು ಹೊಗಳುತ್ತಲೇ ಎಲ್ಲಿಗೋ ಸಾಗಿಸುತ್ತಾನೆ, ಎಲ್ಲಿಗೆ ಎಂದು ಈಗ ಗೊತ್ತಾಯಿತು ಎಂದರಂತೆ. ನಾಯಿಯ ಹಲ್ಲು ಹೋದದ್ದು ವಯಸ್ಸಿನಿಂದಲ್ಲ, ಈ ಬಿಸ್ಕತ್ತಿನಿಂದಲೇ ಎಂಬ ಅನುಮಾನವೂ ಬಂತಂತೆ.

ನಕ್ಕು ಮುಗಿದ ಮೇಲೆ ಅವರು ಬಹಳ ಹೊತ್ತು ಚೈತ್ರಾಳ ಜೊತೆ ಮಾತಾಡಿದರು. ನಗುವಿರಲಿಲ್ಲ, ಗದರಿಕೆಯೂ ಇರಲಿಲ್ಲ. ಚೈತ್ರಾ ಒಮ್ಮೆ ತಲೆ ತಗ್ಗಿಸಿದಳು, ಒಮ್ಮೆ ಎತ್ತಿದಳು. ನನಗೆ ತಡೆಯಲಾಗಲಿಲ್ಲ.

"ಏನಂತಾರೇ?"

"ನಮ್ಮ ಮೂರು ತಾಲ್ಲೂಕು ಈ ಸಲ ಸೇರಲ್ಲ ಅಜ್ಜಿ."

ನನಗೆ ಹಲ್ಲಿನ ನೋವು ಮರೆತೇಹೋಯಿತು.

"ಅಳತೆ ಏನೋ ಆಗಿದೆ, ಆದ್ರೆ ಡಾಕ್ಟ್ರುಗಳು ಮಾಡೋ ಕೆಲ್ಸದ್ದಲ್ಲ, ಅವ್ರು ನನ್ನ ಮೇಲಿಟ್ಟಿರೋ ಪ್ರೀತಿದು ಅಂತಾರೆ." ಕೂಸಿನ ಮುಷ್ಟಿಯಿಂದ ಕೂದಲು ಬಿಡಿಸಿಕೊಂಡಳು. "ಆದ್ರೆ ನಾನು ಸುಳ್ಳು ಬರ್ದಿಲ್ಲ ಅಂತ ಅವ್ರೇ ಎಲ್ಲರ ಮುಂದೆ ಹೇಳ್ತಾರಂತೆ. ಹೊಸದಾಗಿ ಕೇಳ್ಕೊಂಡು ಬಾ, ಮುಂದಿನ ಸಭೆವರ್ಗೂ ಕಾಯ್ತೀನಿ ಅಂದ್ರು. ನೀವೇನು ಮಾಡ್ತೀರಿ ಅಂತ ಕೇಳ್ಬೇಡ, ಒಬ್ಬ ಮನುಷ್ಯನ ಕಥೆ ಹೇಳಿ, ಇವನಿಗೆ ಏನು ಮಾಡ್ತೀರಿ ಅಂತ ಕೇಳು ಅಂದ್ರು. ಅವ್ರ ಕಡೆನೂ ಜನ ಹಂಗೇ ಅಂತೆ. ಮಳೇಲಿ ನೆನ್ಕೊಂಡು ಚೆಂದದ ದಿನ ಅಂತೀವಿ, ನಮ್ಮನ್ನ ಕೇಳಿ ಹವಾಮಾನ ಬರೆಯಕ್ಕಾಗಲ್ಲ ಅಂದ್ರು."

ಮೊರಾಗಮ್ಮ ಕನ್ನಡಕ ಹಾಕಿಕೊಂಡು, ಇನ್ನೊಮ್ಮೆ ತಣ್ಣನೆ ಹತ್ತಿ ತಂದರು. ಈ ಸಲ ನಾನು ಕೈ ಎತ್ತಿದ ವೇಗಕ್ಕೆ ಅವರ ದೀಪ ಹಾರಿ ಪಕ್ಕದ ಉಗುಳುವ ತೊಟ್ಟಿಗೆ ಬಿತ್ತು. ನರ ಜೀವಂತವಾಗಿದೆ ಎಂದು ಎಲ್ಲರಿಗೂ ಖಾತ್ರಿಯಾಯಿತು.

ಹಲ್ಲು ಕೀಳಲಿಲ್ಲ. ಸುತ್ತ ಕೆರೆದು, ನರದ ಹತ್ತಿರದ ಹುಳುಕನ್ನು ಹಾಗೇ ಬಿಟ್ಟು ಮೇಲೆ ಗಟ್ಟಿಯಾಗಿ ಮುಚ್ಚಿಬಿಟ್ಟರು. ನನಗೆ ಸಮಾಧಾನವಾಗಲಿಲ್ಲ. ಹುಳ ಬಿದ್ದ ರಾಗಿಯ ಮೇಲೆ ಒಳ್ಳೆ ರಾಗಿ ಸುರಿದ ಹಾಗಲ್ಲವೇ ಎಂದು ಕೇಳಿಸಿದೆ. ಗಾಳಿ ಇಲ್ಲದೆ, ಊಟ ಇಲ್ಲದೆ ಅದು ಅಲ್ಲೇ ನಿಂತುಹೋಗುತ್ತದೆ, ಪೂರ್ತಿ ಕೆರೆಯಲು ಹೋದರೆ ನರಕ್ಕೇ ತೂತು ಬೀಳುತ್ತದೆ ಎಂದರು. ಆಗ ಸಿಂಗಟಗೆರೆಯ ನನ್ನ ತವರಿನ ಹಗೇವು ನೆನಪಾಯಿತು. ನೆಲದೊಳಗಿನ ಆ ಗುಂಡಿಗೆ ರಾಗಿ ತುಂಬಿ ಬಾಯಿಗೆ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಇಲ್ಲ. ಇದ್ದ ಹುಳವೂ ಉಸಿರಿಲ್ಲದೆ ಸಾಯುತ್ತದೆ. ಹಾಗಾದರೆ ಸರಿ ಎಂದೆ. ಚೈತ್ರಾ ಹಗೇವನ್ನು ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದರೆ ಮೊರಾಗಮ್ಮ ಕೈ ಕಟ್ಟಿಕೊಂಡು ಕೇಳಿದರು. ಕೊನೆಗೆ, ಒಂದು ಸಲ ನಿಮ್ಮೂರಿಗೆ ಬಂದು ಅದನ್ನು ನೋಡಬೇಕು ಎಂದರಂತೆ.

ತರೀಕೆರೆ

ಊರಿಗೆ ಬಂದು ಸುಧಾರಿಸಿಕೊಂಡ ಮೇಲೆ ಚೈತ್ರಾ ಹೊಸ ಪ್ರಶ್ನೆಗಳನ್ನು ಬರೆದಳು. ಪ್ರಶ್ನೆ ಅಂದರೆ ಚಿಕ್ಕ ಚಿಕ್ಕ ಕಥೆಗಳು. ಎಲ್ಲರಿಗೂ ಕೊಡುವ ಮುಂಚೆ ಯಾರಾದರೊಬ್ಬರು ಅದನ್ನು ಓದಿ, ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳಬೇಕಂತೆ. ರುದ್ರಪ್ಪ ಡಾಕ್ಟರ ಹತ್ತಿರವೇ ಹೋದೆವು. ಅವರೇನಾದರೂ ಮತ್ತೆ ಪುಸ್ತಕದ ಮಾತೇ ಹೇಳಿದರೆ ಇದೂ ಮುಗಿದ ಹಾಗೆ ಎಂದು ಬಸ್ಸಿನುದ್ದಕ್ಕೂ ಉಗುರು ಕಚ್ಚುತ್ತಿದ್ದಳು.

"ಬಾರಮ್ಮ, ಫಾರಿನ್ನೋರು ಏನಂದ್ರು? ಸಿಸ್ಟರ್, ಕಾಫಿ ಹೇಳಮ್ಮ."

"ಕಾಫಿ ಬೇಡ ಸರ್. ಆಮೇಲೆ." ಅವಳು ಕಾಗದ ತೆಗೆದು ಓದಿದಳು. "ಹಳ್ಳಿಯಿಂದ ಒಬ್ಬ ಹೆಂಗ್ಸು ಬಂದವ್ರೆ. ದವಡೆ ಹಲ್ಲು, ಹುಳುಕು ಆಳಕ್ಕಿಳ್ದಿದೆ, ನರ ಜೀವಂತ ಇದೆ. ಜೊತೆಗೆ ಮೈದುನ ಬಂದವ್ನೆ, ಕಿತ್ತಾಕಿ ಅಂತ ನಿಂತವ್ನೆ. ಊರಿಗೆ ಕೊನೇ ಬಸ್ಸು ಹೊರಡೋ ಹೊತ್ತಾಗಿದೆ. ಏನ್ಮಾಡ್ತೀರಿ ಸರ್?"

ಡಾಕ್ಟರು ನನ್ನ ಕಡೆ ನೋಡಿ ನಕ್ಕರು. ಕೂಸಿನ ಕಡೆ ನೋಡಿದರು. "ಹಲ್ಲು ಉಳಿಸೋದೇ ನಮ್ಮ ಧರ್ಮ ಅಲ್ವೇನಮ್ಮ. ತಿಳಿ ಹೇಳಿ, ಫಿಲ್ಲಿಂಗ್ ಮಾಡ್ತೀನಿ."

ಚೈತ್ರಾ ಪೆನ್ನು ಕೆಳಗಿಟ್ಟಳು. "ಅಜ್ಜಿ, ಕೂಸು ಕರ್ಕೊಂಡು ಆಚೆ ಕೂತ್ಕೋ."

"ಯಾಕೆ? ಅದೇನು ಅಳ್ತಿಲ್ವಲ್ಲ."

"ಹೋಗಜ್ಜಿ."

ಸ್ಕಾಟ್ಲೆಂಡಿನಲ್ಲಿ ಪ್ರೊಫೆಸರ ಕುರ್ಚಿಯ ಮೇಲೆ ಮಲಗಿ ಬಂದವಳನ್ನು ತರೀಕೆರೆಯಲ್ಲಿ ಆಚೆ ಬೆಂಚಿಗೆ ದಬ್ಬಿದಳು. ಬಾಗಿಲು ಹಾಕಿಕೊಂಡಿತು. ಕಿವಿ ಕೊಟ್ಟು ನೋಡಿದೆ. ಎದುರಿನ ಹೋಟೆಲಿನ ಪಾತ್ರೆ ಸದ್ದು ಬಿಟ್ಟರೆ ಏನೂ ಕೇಳಿಸಲಿಲ್ಲ.

ಬೆಂಚಿನ ಮೇಲೆ ಒಬ್ಬ ಹೆಂಗಸು ಕೆನ್ನೆಗೆ ಟವೆಲು ಒತ್ತಿಕೊಂಡು ಕೂತಿದ್ದಳು. ಪಕ್ಕದಲ್ಲಿ ಅವಳ ಗಂಡ ನಿಮಿಷಕ್ಕೊಮ್ಮೆ ಎದ್ದು ರಸ್ತೆ ನೋಡುತ್ತಿದ್ದ.

"ಇವತ್ತೇ ಕೀಳ್ಸಾಕು ಕಣೇ. ಇನ್ನೊಂದಪ ಬಾ ಅಂದ್ರೆ ಯಾರು ಬತ್ತಾರೆ, ಈರುಳ್ಳಿ ಕಿತ್ತು ಕೂತದೆ" ಎಂದ.

"ನೋವು ಹೋದ್ರೆ ಸಾಕು, ಏನಾನ ಮಾಡ್ಲಿ" ಎಂದಳು ಆಕೆ.

ನನ್ನ ಬಾಯಿ ತೆರೆಯಿತು. ಹುಳುಕಿನ ಮೇಲೆ ಮುಚ್ಚುವುದು, ಹಗೇವು, ಎಲ್ಲ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. ಒಳಗೆ ಅವಳು ಅಳೆಯಲು ಪಾಡುಪಡುತ್ತಿರುವುದೇ ಇದನ್ನು. ಹೊರಗೆ ಕೂತು ನಾನು ಕೈಯಾಡಿಸಿದರೆ ಅಳತೆ ಏನಾಗಬೇಕು.

ಬಹಳ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಮೊದಲು ಬಂದವರು ಡಾಕ್ಟರು. ಮುಖ ಬೆವರಿತ್ತು. ನನ್ನ ಕಣ್ಣು ತಪ್ಪಿಸಿ, ಟವೆಲಿನ ಹೆಂಗಸನ್ನೂ ಅವಳ ಗಂಡನನ್ನೂ ನೋಡಿದರು. ಅವನು ಕೈಗಡಿಯಾರ ತೋರಿಸಿದ. ಡಾಕ್ಟರು ಸಣ್ಣಗೆ ನಕ್ಕು, ಹಿಂದೆ ನಿಂತಿದ್ದ ಚೈತ್ರಾಳಿಗೆ, "ನೋಡಿದ್ಯಾ? ನಾನು ಹೇಳಿದ್ದು ಸುಳ್ಳಲ್ಲ ಕಣಮ್ಮ" ಎಂದರು. ಆಮೇಲೆ ನನಗೆ, "ನೀವಿದ್ರೆ ಬಾಯೇ ಬರ್ತಿರ್ಲಿಲ್ಲ ಕಣ್ರಜ್ಜಿ" ಎಂದು ಕೈ ಮುಗಿದು ಒಳಗೆ ಹೋದರು.

ಬಸ್‌ಸ್ಟ್ಯಾಂಡಿನವರೆಗೂ ತಡೆದುಕೊಂಡೆ.

"ಏನಂದ್ರೇ?"

"ಹೇಳಂಗಿಲ್ಲ."

"ನಾನು ನಿನ್ನಜ್ಜಿ ಕಣೇ."

"ಅದಕ್ಕೇ ಹೇಳಂಗಿಲ್ಲ." ಆದರೆ ಅವಳ ಮುಖ ಮುಚ್ಚಿಡಲು ಬಾರದ ಮುಖ. ಸ್ಕಾಟ್ಲೆಂಡಿನ ಆ ಗೋಡೆಯ ಚಿತ್ರ ನೋಡಿದ ದಿನದಿಂದ ಕಾಣದಿದ್ದ ಬೆಳಕು ಅದರಲ್ಲಿತ್ತು. ತಡೆಯಲಾರದೆ ತಾನೇ ಹೇಳಿದಳು. "ಪುಸ್ತಕದಲ್ಲಿರೋದು ಒಂದೂ ಹೇಳ್ಲಿಲ್ಲ ಅಜ್ಜಿ. ಕಷ್ಟಪಟ್ಕೊಂಡು, ಬೆವತ್ಕೊಂಡು, ಇರೋದು ಹೇಳಿದ್ರು."

ಕಡೂರಿನ ಬಸ್ಸು ಬಂತು. ನನ್ನನ್ನೂ ಕೂಸನ್ನೂ ಹತ್ತಿಸಿ, ಕಿಟಕಿ ಸೀಟು ಹಿಡಿದುಕೊಟ್ಟು, ಹಾಲಿನ ಬಾಟಲಿ ಎಲ್ಲಿದೆ ಎಂದು ತೋರಿಸಿದಳು. ಕೂಸು ಈಗ ಬಾಟಲಿಯಲ್ಲೂ ಕುಡಿಯುತ್ತದೆ.

"ನೀನು ಹತ್ತಲ್ವೇನೇ?"

"ಅಜ್ಜಂಪುರಕ್ಕೆ ಹೋಗಿ ಬತ್ತೀನಿ. ಅಲ್ಲಿ ಲೇಡಿ ಡಾಕ್ಟ್ರು ಕಾಯ್ತಿರ್ತಾರೆ."

"ನಾವೂ ಬತ್ತೀವಿ."

"ಬೇಡ. ಊಟಕ್ಕೆ ಕೂರಿಸ್ಬಿಡ್ತಾರೆ" ಎಂದು ಇಳಿದುಹೋದಳು.

ನಮ್ಮ ಬಸ್ಸು ತಿರುಗುವಾಗ ಕಿಟಕಿಯಿಂದ ಕಂಡಿತು. ಕೂಸಿಲ್ಲ, ಅಜ್ಜಿಯಿಲ್ಲ. ಕಾಗದಗಳ ಚೀಲವೊಂದನ್ನು ಹೆಗಲಿಗೆ ಹಾಕಿಕೊಂಡು ಅವಳು ಅಜ್ಜಂಪುರದ ಬಸ್ಸಿನ ಮೆಟ್ಟಿಲು ಹತ್ತುತ್ತಿದ್ದಳು, ಒಬ್ಬಳೇ.